ಕೇಸ್‌ಪೇಪರಿಗೆ ಏರದ ಪೆಟ್ಟು

ಮೋರಿಯಲ್ಲಿ ಜಾರಿಬಿದ್ದೆ. ಏಣಿ ಇಳಿಯುವಾಗ ಕಾಲು ತಪ್ಪಿತು. ಕೆಮ್ಮಿನ ಔಷಧಿಯೆಂದು ಇಲಿಪಾಷಾಣ ಕುಡಿದೆ. ಮುಂಬೈಯ ಸರಕಾರಿ ಆಸ್ಪತ್ರೆಗಳ ಕ್ಯಾಶುವಾಲ್ಟಿಗೆ ಬರುವ ಹೆಂಗಸರು ಹೀಗೆ ಹೇಳುತ್ತಾರೆ, ಪಕ್ಕದಲ್ಲಿ ಗಂಡನೋ ಅತ್ತೆಯೋ ನಿಂತಿರುತ್ತಾರೆ. ಡಾಕ್ಟರು ಹೊಲಿಗೆ ಹಾಕುತ್ತಾರೆ, ಕೇಸ್‌ಪೇಪರಿನಲ್ಲಿ 'ಆಕಸ್ಮಿಕ' ಎಂದು ಬೀಳುತ್ತದೆ, ಆಕೆ ಅದೇ ಮನೆಗೆ ಹಿಂದಿರುಗುತ್ತಾಳೆ.

ಈ ಸರಪಳಿಯನ್ನು ಆಸ್ಪತ್ರೆಯೊಳಗೇ ತುಂಡರಿಸಲು ಹೊರಟದ್ದು 'ದಿಲಾಸಾ'. ಸೆಹತ್ ಎಂಬ ಸಂಶೋಧನಾ ಸಂಸ್ಥೆ ಮತ್ತು ಮುಂಬೈ ಮಹಾನಗರಪಾಲಿಕೆಯ ಆರೋಗ್ಯ ಇಲಾಖೆ ಜೊತೆಗೂಡಿ 2000ದ ಹೊತ್ತಿಗೆ ಬಾಂದ್ರಾದ ಕೆ.ಬಿ. ಭಾಭಾ ಆಸ್ಪತ್ರೆಯಲ್ಲಿ ಇದನ್ನು ತೆರೆದವು. ಹೊಡೆತ ತಿಂದ ಹೆಣ್ಣಿಗಾಗಿ ಸರಕಾರಿ ಆಸ್ಪತ್ರೆಯೊಳಗೇ ಒಂದು ವಿಭಾಗ ಎಂಬುದು ದೇಶಕ್ಕೇ ಹೊಸತು. ಆದರೆ ಕೋಣೆ, ಕುರ್ಚಿ, ಆಪ್ತಸಮಾಲೋಚಕಿ ಇದ್ದುಬಿಟ್ಟರೆ ಸಾಲದು. ಆ ಕೋಣೆಗೆ ಹೆಣ್ಣನ್ನು ಕಳಿಸಬೇಕಾದವರು ಯಾರು? ಕೇಸ್‌ಪೇಪರ್ ಮಾಡುವ ಗುಮಾಸ್ತ, ಡ್ರೆಸ್ಸಿಂಗ್ ಮಾಡುವ ಸಿಸ್ಟರ್, ಬಟ್ಟೆ ಬದಲಿಸುವಾಗ ಬೆನ್ನ ಮೇಲಿನ ಬಾಸುಂಡೆ ಕಾಣುವ ಆಯಾ. ಹಾಗಾಗಿ ಇಲ್ಲಿ ನಿಜವಾದ ಕೆಲಸ ತರಬೇತಿಯದ್ದು.

ತರಬೇತಿ ಎಂದೊಡನೆ ಕಾನೂನಿನ ಕಲಂಗಳ ಉಪನ್ಯಾಸವೆಂದುಕೊಳ್ಳುತ್ತೇವೆ. ಕಷ್ಟ ಅಲ್ಲಿಲ್ಲ. ಆಸ್ಪತ್ರೆಯ ಸಿಬ್ಬಂದಿಯೂ ನಮ್ಮ ನಡುವಿನವರೇ. 'ಅವಳೇನೋ ಮಾಡಿರಬೇಕು', 'ಸಂಸಾರ ಅಂದಮೇಲೆ ಇದೆಲ್ಲ ಇದ್ದದ್ದೇ', 'ಸ್ವಲ್ಪ ಹೊಂದಿಕೊಂಡು ಹೋಗಮ್ಮ' ಎಂಬ ಮಾತುಗಳು ಅವರ ನಾಲಿಗೆಯ ಮೇಲೂ ಇವೆ. ತಾನೇ ಮನೆಯಲ್ಲಿ ಪೆಟ್ಟು ತಿಂದು ಮಾರನೆಯ ಬೆಳಿಗ್ಗೆ ಡ್ಯೂಟಿಗೆ ಬರುವ ಆಯಾ ಕೂಡ ಇದ್ದಾಳೆ. ಅವಳು ತನ್ನ ನೋವನ್ನು ಅನ್ಯಾಯವೆಂದು ಗುರುತಿಸದೆ ರೋಗಿಯ ನೋವನ್ನು ಹೇಗೆ ಗುರುತಿಸಿಯಾಳು? ಒಳ್ಳೆಯ ತರಬೇತಿ ಶುರುವಾಗುವುದು ಕಲಿಯುವವರ ಮನೆಯಿಂದಲೇ. ನಿಮ್ಮ ಮನೆಯಲ್ಲಿ ಕೊನೆಗೆ ಊಟ ಮಾಡುವವರು ಯಾರು? ಸಂಬಳ ಯಾರ ಕೈಗೆ ಹೋಗುತ್ತದೆ? ಈ ಪ್ರಶ್ನೆಗಳಿಗೆ ಮೌನವಾಗುವ ಕೋಣೆಯಲ್ಲಿ ಪಾಠ ಮುಂದುವರಿಯುತ್ತದೆ. ದಿಲಾಸಾದ ವಿವೇಕವೆಂದರೆ, ಹೊರಗಿನ ತಜ್ಞರನ್ನೇ ನೆಚ್ಚಿಕೊಳ್ಳದೆ ಪಾಲಿಕೆ ಆಸ್ಪತ್ರೆಗಳ ನೌಕರರನ್ನೇ ತರಬೇತುದಾರರನ್ನಾಗಿ ಬೆಳೆಸಿದ್ದು. ಸಿಸ್ಟರ್ ಹೇಳಿದರೆ ಸಿಸ್ಟರ್ ಕೇಳುತ್ತಾಳೆ.

ಆಮೇಲಿನದು ಕೈಕೆಲಸ. ಜೊತೆಗೆ ಬಂದವರನ್ನು ಯಾವುದಾದರೂ ನೆಪದಲ್ಲಿ ಹೊರಗೆ ಕಳಿಸಿ ಆಕೆಯನ್ನು ಒಬ್ಬಳನ್ನೇ ಮಾತಾಡಿಸುವುದು. ಗಾಯಕ್ಕೂ ಹೇಳುವ ಕಾರಣಕ್ಕೂ ತಾಳೆಯಾಗುತ್ತಿದೆಯೇ ಎಂದು ನೋಡುವುದು. ಹೇಳಿದ್ದನ್ನು ನಂಬುವುದು, ಅವಳ ಮಾತಿನಲ್ಲೇ ದಾಖಲಿಸುವುದು. 2006ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ನ್ಯಾಯ ಕೇಳುವಾಗ ಆ ದಾಖಲೆ ಅವಳ ಬೆನ್ನಿಗೆ ನಿಲ್ಲುತ್ತದೆ. ಇಂದು ರಾತ್ರಿ ಮನೆಗೆ ಹೋದರೆ ಜೀವಕ್ಕೆ ಅಪಾಯವಿದೆಯೇ ಎಂದು ಕೇಳುವುದು, ಇದ್ದರೆ ವಾರ್ಡಿನಲ್ಲೇ ಉಳಿಸಿಕೊಳ್ಳುವುದು.

ಮುಂಬೈಯಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಕಲಬುರಗಿ, ವಿಜಯಪುರ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಹೆಣ್ಣುಮಗಳಿಗೆ ಮರಾಠಿ, ಹಿಂದಿ ಬಾರದಿದ್ದರೆ ಅವಳ ಪರವಾಗಿ ಮಾತಾಡುವವನು ಗಂಡನೇ. ಹೊಡೆದವನ ಬಾಯಿಂದಲೇ ಹೊಡೆತದ ವಿವರ ಕೇಳುವ ಸ್ಥಿತಿ! ಇಂಥಲ್ಲಿ ಮನೆಯವರನ್ನು ದುಭಾಷಿಯಾಗಿಸಕೂಡದು. ಕನ್ನಡ ಬಲ್ಲ ಒಬ್ಬ ಆಯಾ ಅಥವಾ ಸಿಸ್ಟರನ್ನು ಕರೆತಂದರೆ ಚಿತ್ರವೇ ಬದಲಾಗುತ್ತದೆ. ಮುಂಬೈಯ ಕನ್ನಡ ಸಂಘಗಳು ತಮ್ಮ ಸದಸ್ಯೆಯರಿಗೆ ಈ ತರಬೇತಿ ಕೊಡಿಸಲಿ ಎಂಬುದು ನನ್ನ ಆಸೆ.

ಮಂಗಳೂರಿನಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಇದೇ ನಗರದಲ್ಲಿ ಗಂಡನ ಹೊಡೆತ ಸಹಿಸಿ, ಹೊರಬಂದು, ಆ ಕಥೆಯನ್ನು ಬರೆದು, ವಕೀಲೆಯಾಗಿ, 1991ರಲ್ಲಿ ಹೆಣ್ಣುಮಕ್ಕಳ ನ್ಯಾಯಕ್ಕಾಗಿ 'ಮಜ್ಲಿಸ್' ಸಂಸ್ಥೆ ಕಟ್ಟಿದವರು. ಅವರಂತೆ ಬಾಯಿಬಿಟ್ಟು ಹೇಳಲು ಬಲ್ಲವರು ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹಿಂಸೆಗೊಳಗಾದ ಹೆಂಗಸರಲ್ಲಿ ಯಾರದಾದರೂ ಸಹಾಯ ಕೇಳಿದವರು ಶೇ 14ರಷ್ಟು ಮಾತ್ರ. ಅದೇ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದವರ ಪ್ರಮಾಣ ಮಹಾರಾಷ್ಟ್ರದಲ್ಲಿ ಶೇ 25, ನಮ್ಮ ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ಅತಿ ಹೆಚ್ಚು. ಈ ಅಂಕಿಯನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ಬಾಂದ್ರಾದ ಮಾದರಿ ಮುಂಬೈಯ ಇತರ ಪಾಲಿಕೆ ಆಸ್ಪತ್ರೆಗಳಿಗೂ ಹಬ್ಬಿದೆ. ಕೇರಳ ಅದನ್ನು ನೋಡಿ ತನ್ನ ಆಸ್ಪತ್ರೆಗಳಲ್ಲಿ 'ಭೂಮಿಕಾ' ಕೇಂದ್ರಗಳನ್ನು ತೆರೆಯಿತು. ಆದರೆ ವರ್ಗಾವಣೆಯಾದವರ ಜೊತೆ ಕಲಿತದ್ದೂ ಹೊರಟುಹೋಗುತ್ತದೆ, ಹೊಸಬರು ಹಳೆಯ ಮಾತುಗಳೊಂದಿಗೆ ಬರುತ್ತಾರೆ. ಹಾಗಾಗಿ ನಮ್ಮ ಕರ್ನಾಟಕದ ಜಿಲ್ಲಾಸ್ಪತ್ರೆಗಳಲ್ಲಿ ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಸಿಸ್ಟರ್, ಆಯಾ, ಗುಮಾಸ್ತನಿಗೂ ಈ ಪಾಠ ಮೊದಲ ತಿಂಗಳಲ್ಲೇ ಸಿಗಬೇಕು, ವರ್ಷಕ್ಕೊಮ್ಮೆ ಮತ್ತೆ ನಡೆಯಬೇಕು, ಅದಕ್ಕೆ ಬಜೆಟ್ಟಿನಲ್ಲಿ ಹಣವಿರಬೇಕು.