ಓಲೆಗರಿಗಳ ಮನೆಗೆ ಬಂದ ಅತಿಥಿಗಳು

ಕವಲಂದೆಯಲ್ಲಿ ರೈಲು ಹತ್ತಿ, ನಂಜನಗೂಡನ್ನು ಹಾದು, ಚಾಮರಾಜಪುರಂ ನಿಲ್ದಾಣದಲ್ಲಿ ಇಳಿದವನಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ದೂರವಲ್ಲ; ಆದರೂ ಕೋರ್ಟಿನ ಕೆಲಸಕ್ಕೂ ಮದುವೆಯ ಜವಳಿಗೂ ಆ ಹಾದಿಯಲ್ಲಿ ಸಂಚರಿಸುವ ನಮ್ಮ ಸೀಮೆಯವರಲ್ಲಿ ಅದರ ಹೊಸ್ತಿಲನ್ನು ದಾಟಿದವರು ವಿರಳ. 1891ರಲ್ಲಿ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ಓರಿಯಂಟಲ್ ಲೈಬ್ರರಿಯೆಂಬ ಹೆಸರಿನಿಂದ ಸ್ಥಾಪಿತವಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಅಂಗವಾದ ಈ ಸಂಸ್ಥೆಯ ಕೀರ್ತಿಗೆ ಕಾರಣನಾದವನು ಒಬ್ಬ ಅತಿಥಿ.

ಆತನು ತಂದೊಪ್ಪಿಸಿದ್ದು ಗ್ರಂಥಲಿಪಿಯ ಒಂದು ಓಲೆಗರಿಯ ಕಟ್ಟು. ಶತಮಾನಗಳಿಂದ ಉಲ್ಲೇಖಗಳಲ್ಲಿ ಮಾತ್ರವೇ ಉಸಿರಾಡುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವು, ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕಿನೊಡನೆ, ಆ ಕಟ್ಟಿನಲ್ಲಿತ್ತು. ಗ್ರಂಥಪಾಲರಾಗಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಅದನ್ನು ಗುರುತಿಸಿ, 1905ರಿಂದ ಅನುವಾದದ ಭಾಗಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸುತ್ತ, 1909ರಲ್ಲಿ ಮೂಲವನ್ನೂ 1915ರಲ್ಲಿ ಸಮಗ್ರ ಇಂಗ್ಲಿಷ್ ಅನುವಾದವನ್ನೂ ಅಚ್ಚಿಗೆ ತಂದರು. ಆ ಅನುವಾದಕ್ಕೆ ಮುನ್ನುಡಿ ಬರೆದ ಫ್ಲೀಟ್ ಮಹಾಶಯನ ಹೆಸರು ಲೋಕಕ್ಕೆ ತಿಳಿದಿದೆ. ಕಟ್ಟನ್ನು ಕೊಟ್ಟವನು ಮಾತ್ರ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತನೆಂದಷ್ಟೇ ದಾಖಲಾದನು. ವಿದ್ವತ್ಪ್ರಪಂಚದ ಈ ಕೃಪಣತೆ ನನಗೆ ಸಹ್ಯವಲ್ಲ.

ಇಲ್ಲಿಗೆ ಓದಲು ಬರುವ ವಿದ್ವಾಂಸನಿಗೆ ಸಂಸ್ಕೃತಜ್ಞಾನವೊಂದೇ ಸಾಲದು. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಕೊರೆದು ಮಸಿ ತೀಡಿದ ಅಕ್ಷರಗಳು, ಪದಪದಗಳ ನಡುವೆ ತೆರಪಿಲ್ಲದೆ, ಗರಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ಬಿಡುವಿಲ್ಲದ ಇರುವೆಸಾಲಿನಂತೆ ಸಾಗುವುವು. ಗ್ರಂಥ, ನಂದಿನಾಗರಿಗಳಂಥ ಲಿಪಿಗಳ ಪರಿಚಯವಿಲ್ಲದವನಿಗೆ ಅವು ಕೇವಲ ಗೀರುಗಳು. ಒಂದೇ ಕೃತಿಯ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಲಿಪಿಕಾರನ ಕೈತಪ್ಪಾವುದು, ಪಾಠಾಂತರವಾವುದು ಎಂದು ವಿವೇಚಿಸಿ, ಒಂದು ಶ್ಲೋಕಕ್ಕಾಗಿ ದಿನವನ್ನೇ ವ್ಯಯಿಸುವ ಈ ಪರಿಶ್ರಮವು, ಅಚ್ಚಾದ ಪುಸ್ತಕದಲ್ಲಿ ಪುಟದಡಿಯ ಒಂದು ಸಣ್ಣಕ್ಷರದ ಟಿಪ್ಪಣಿಯಾಗಿ ಮುಗಿಯುವುದು. ಗರಿಗಳ ರಕ್ಷಣೆಗೆ ಸವರುವ ಮಜ್ಜಿಗೆಹುಲ್ಲಿನ ಎಣ್ಣೆಯ ಪರಿಮಳವೇನೋ ಹಿತವಾದುದು. ಅದಕ್ಕಾಗಿಯೇ ಯಾರೂ ಸಂಶೋಧಕರಾಗರು.

ಕನ್ನಡದ ಹಸ್ತಪ್ರತಿಗಳನ್ನು ಅರಸಿ ಬಂದವರು ಇನ್ನೂ ಸ್ವಲ್ಪ ನಡೆಯಬೇಕು. 1966ರಲ್ಲಿ ಮಾನಸಗಂಗೋತ್ರಿಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯು ಆರಂಭವಾದಾಗ ಇಲ್ಲಿದ್ದ ಆ ಸಂಗ್ರಹವು ಅಲ್ಲಿಗೆ ಹೋಯಿತು. ನಂಜನಗೂಡು, ತಿರುಮಕೂಡಲು ನರಸೀಪುರಗಳ ಶಾಸನಗಳನ್ನು ಪರಿಷ್ಕರಿಸಿ, 1974 ಮತ್ತು 1976ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಹೊಸ ಸಂಪುಟಗಳಲ್ಲಿ ಪ್ರಕಟಿಸಿದ್ದು ಆ ಸಂಸ್ಥೆಯೇ. ನಮ್ಮ ಕಡೆಯ ಮಠಗಳಲ್ಲಿ, ಹಳೆಯ ಮನೆಗಳ ಅಟ್ಟದಲ್ಲಿ ಓಲೆಗರಿಯ ಕಟ್ಟೇನಾದರೂ ಉಳಿದಿದ್ದು, ಅದನ್ನು ಇವೆರಡರಲ್ಲಿ ಯಾವುದಕ್ಕಾದರೂ ಒಪ್ಪಿಸಲು ಹೊರಡುವ ಹಿರಿಯರಿದ್ದರೆ, ತಮ್ಮ ಹೆಸರನ್ನೂ ಊರನ್ನೂ ಮೊದಲು ಬರೆಸಿ ಬರಬೇಕೆಂದು ನನ್ನ ಬಿನ್ನಹ.