ಗೋದಾವರಿಯ ನೀರಿಗೆ ಯಾವ ಮೀನು?

ನಾಸಿಕದ ನಲ್ಲಿಗಳಿಗೆ ಬರುವ ನೀರಿನ ಬಹುಪಾಲು ಗಂಗಾಪುರ ಅಣೆಕಟ್ಟಿನದು. ಅದೇ ಗೋದಾವರಿ ಕೆಳಗೆ ಹರಿದು ಪೈಠಣದ ಬಳಿ ಜಾಯಕವಾಡಿ ಜಲಾಶಯದಲ್ಲಿ ನಿಲ್ಲುತ್ತದೆ. ಅಲ್ಲಿಂದ ಪೈಪಿನಲ್ಲಿ ಛತ್ರಪತಿ ಸಂಭಾಜಿನಗರಕ್ಕೆ ಏರುತ್ತದೆ. ಮಳೆ ಕೈಕೊಟ್ಟ ವರ್ಷ ಮೇಲಿನವರು ಕೆಳಗಿನವರಿಗೆ ಎಷ್ಟು ನೀರು ಬಿಡಬೇಕು ಎಂಬ ಜಗಳ ಕೋರ್ಟಿನ ಮೆಟ್ಟಿಲು ಹತ್ತುವುದೂ ಉಂಟು. ಆದರೆ ಮನೆಯ ಮೂಲೆಯಲ್ಲಿ ಎರಡಡಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕಲು ಹೊರಟವರಿಗೆ ಈ ಎರಡೂ ಊರುಗಳಲ್ಲಿ ಎದುರಾಗುವ ಪ್ರಶ್ನೆ ಒಂದೇ. ಅಂಗಡಿಗೆ ಹೋದವರು ಬಣ್ಣ ನೋಡಿ ಮೀನು ಆರಿಸುತ್ತಾರೆ. ಮೊದಲು ನೋಡಬೇಕಾದದ್ದು ತಮ್ಮ ಮನೆಯ ನೀರನ್ನು.

ಇಡೀ ಪ್ರದೇಶ ನಿಂತಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಹೆಪ್ಪುಗಟ್ಟಿದ ಲಾವಾ ಪದರಗಳ ಮೇಲೆ. ಈ ಕರಿಕಲ್ಲು ಸವೆದಂತೆಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬನೇಟ್ ನೀರಿಗೆ ಸೇರುತ್ತವೆ. ಹಾಗಾಗಿ ಇಲ್ಲಿಯ ನೀರು ಗಡಸು, ಕ್ಷಾರೀಯ. ಪಿಎಚ್ ಸಾಮಾನ್ಯವಾಗಿ ಏಳೂವರೆಯಿಂದ ಎಂಟೂವರೆಯ ನಡುವೆ. ಬೋರ್‌ವೆಲ್ ನೀರಾದರೆ ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಷ್ಟು ಗಡಸು. ವಿಜಯಪುರ, ಕಲಬುರಗಿ ಕಡೆಯವರಿಗೆ ಇದು ಪರಿಚಯದ ನೀರೇ, ಅಲ್ಲೂ ಅದೇ ಕಲ್ಲು. ಮಲೆನಾಡಿನ, ಕರಾವಳಿಯ ಜಂಬಿಟ್ಟಿಗೆ ನೆಲದ ಬಾವಿಯ ನೀರು ಇದಕ್ಕೆ ತದ್ವಿರುದ್ಧ: ಮೆದು, ತುಸು ಆಮ್ಲೀಯ.

ಅಂಗಡಿಯಲ್ಲಿ ಎಲ್ಲರ ಕಣ್ಣು ಸೆಳೆಯುವ ನಿಯಾನ್ ಟೆಟ್ರಾ ಬಂದದ್ದು ಅಮೆಜಾನಿನ ಎಲೆ ಕೊಳೆತು ಚಹದ ಬಣ್ಣಕ್ಕೆ ತಿರುಗಿದ, ಲವಣವೇ ಇಲ್ಲದಂಥ ಹಳ್ಳಗಳಿಂದ. ಇಂದು ಮಾರಾಟವಾಗುವ ನಿಯಾನ್‌ಗಳು ಬಹುತೇಕ ಸಾಕಣೆ ಕೇಂದ್ರಗಳಲ್ಲಿ ಹುಟ್ಟಿದವು. ಸ್ವಲ್ಪ ಗಡಸನ್ನು ಸಹಿಸುತ್ತವೆ. ಆದರೂ ಉಡುಪಿಯ ಬಾವಿ ನೀರಿಗೆ ಒಗ್ಗುವಷ್ಟು ಸುಲಭವಾಗಿ ಸಂಭಾಜಿನಗರದ ಬೋರ್‌ವೆಲ್ ನೀರಿಗೆ ಒಗ್ಗಲಾರವು.

ಪಿಎಚ್ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಮೀನುಗಳು ದೇಹದ ಸಾರಜನಕ ತ್ಯಾಜ್ಯವನ್ನು ನಮ್ಮಂತೆ ಯೂರಿಯಾ ಮಾಡಿ ಕೂಡಿಡುವ ಗೊಡವೆಗೆ ಹೋಗದೆ, ಅಮೋನಿಯ ರೂಪದಲ್ಲೇ ಹೆಚ್ಚಾಗಿ ಕಿವಿರಿನ ಮೂಲಕ ಬಿಟ್ಟುಬಿಡುತ್ತವೆ. ನದಿಯಲ್ಲಿ ಅದು ಕೊಚ್ಚಿಹೋಗುತ್ತದೆ. ತೊಟ್ಟಿಯಲ್ಲಿ ಅಲ್ಲೇ ಉಳಿಯುತ್ತದೆ. ನೀರಿನಲ್ಲಿ ಅಮೋನಿಯಕ್ಕೆ ಎರಡು ವೇಷ. ವಿದ್ಯುದಂಶ ಹೊತ್ತ ಅಮೋನಿಯಂ ಅಷ್ಟೇನೂ ಅಪಾಯವಲ್ಲ, ಹೊರದ ಅಮೋನಿಯ ಕಿವಿರನ್ನು ಸುಡುತ್ತದೆ. ಉಷ್ಣತೆ 25 ಡಿಗ್ರಿ ಇರುವಾಗ ಪಿಎಚ್ 7ರ ನೀರಿನಲ್ಲಿ ಈ ವಿಷರೂಪದ ಪಾಲು ಶೇಕಡಾ 0.6ರಷ್ಟು, ಪಿಎಚ್ 8ರಲ್ಲಿ ಅದು ಶೇಕಡಾ 5 ದಾಟುತ್ತದೆ. ಅಂದರೆ ಶಿರಸಿಯ ತೊಟ್ಟಿಯಲ್ಲಿ ಮೀನು ತಡೆದುಕೊಳ್ಳುವ ಅದೇ ಗಲೀಜು ನಾಸಿಕದಲ್ಲಿ ಹೆಚ್ಚುಕಡಿಮೆ ಒಂಬತ್ತು ಪಟ್ಟು ವಿಷ.

ಈ ಅಮೋನಿಯವನ್ನು ನೈಟ್ರೈಟಿಗೂ ಅಲ್ಲಿಂದ ನಿರಪಾಯಕ್ಕೆ ಹತ್ತಿರದ ನೈಟ್ರೇಟಿಗೂ ಬದಲಿಸುವ ಬ್ಯಾಕ್ಟೀರಿಯಾಗಳು ಸ್ಪಂಜ್ ಫಿಲ್ಟರಿನಲ್ಲಿ, ಜಲ್ಲಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ತೊಟ್ಟಿ ತಂದ ದಿನವೇ ಒಂದು ಡಜನ್ ಮೀನು ತರುವುದು ಬೇಡ. ಮೊದಲು ಮೂರು ನಾಲ್ಕು, ಉಳಿದವು ತಿಂಗಳಾದ ಮೇಲೆ. ಆ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಕ್ಲೋರಿನ್ ಬ್ಯಾಕ್ಟೀರಿಯಾಗಳನ್ನೂ ಮುಗಿಸುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೆಗೆಯಬೇಕು.

ಎರಡಡಿ ಉದ್ದ, ಅಡಿ ಅಗಲ, ಅಡಿ ಎತ್ತರದ ತೊಟ್ಟಿಗೆ ಲೆಕ್ಕದ ಪ್ರಕಾರ ಸುಮಾರು 56 ಲೀಟರ್. ಜಲ್ಲಿ ಹಾಕಿ ಮೇಲೆ ತುಸು ಜಾಗ ಬಿಟ್ಟರೆ 45 ಉಳಿದೀತು. ಇಷ್ಟು ನೀರಿಗೆ ಇಷ್ಟು ಇಂಚು ಮೀನು ಎಂಬ ಸೂತ್ರವನ್ನು ಅಂಗಡಿಯವರು ಹೇಳುತ್ತಾರೆ. ನಂಬಬೇಡಿ. ಉದ್ದ ಐದು ಪಟ್ಟಾದರೆ ತೂಕ ಐದಲ್ಲ, 125 ಪಟ್ಟಾಗುತ್ತದೆ. ಮೂರು ಸೆಂಟಿಮೀಟರ್ ಇರುವ ಗೋಲ್ಡ್‌ಫಿಶ್ ಮರಿ ಚೆನ್ನಾಗಿ ಬೆಳೆದು ಹದಿನೈದಾದರೆ ಅದರ ಹೊಟ್ಟೆಪಾಡು ಹೇಗಿದ್ದೀತು ಎಂದು ಊಹಿಸಿ. ನನ್ನ ಮಟ್ಟಿಗೆ, ಗೋಲ್ಡ್‌ಫಿಶ್‌ಗೆ ದುಂಡನೆಯ ಗಾಜಿನ ಬೋಗುಣಿಯಷ್ಟು ಕೆಟ್ಟ ಮನೆ ಇನ್ನೊಂದಿಲ್ಲ.

ಹವೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಾಸಿಕದ ಜನವರಿ ರಾತ್ರಿಗಳಲ್ಲಿ ಉಷ್ಣತೆ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ. ಸಂಭಾಜಿನಗರದ ಮೇ ಮಧ್ಯಾಹ್ನ ನಲವತ್ತು ದಾಟುತ್ತದೆ. 25 ಡಿಗ್ರಿಯಲ್ಲಿ ಲೀಟರ್ ನೀರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 35ರಲ್ಲಿ 7ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಗೆ ಮೀನಿನ ಉಸಿರಾಟ ಏರುತ್ತದೆ. ಸಂಭಾಜಿನಗರದ ಅನೇಕ ಬಡಾವಣೆಗಳಿಗೆ ನೀರು ಬರುವುದೇ ಹಲವು ದಿನಕ್ಕೊಮ್ಮೆ. ಡ್ರಮ್ಮಿನಲ್ಲಿ ತುಂಬಿಟ್ಟ ನೀರನ್ನು ಮೀನಿಗೆಂದು ವಾರವಾರ ಚೆಲ್ಲುವ ಧೈರ್ಯ ಯಾರಿಗಿದೆ? ಅಲ್ಲಿ ಮೀನು ಕಡಿಮೆ ಇಟ್ಟಷ್ಟೂ ಒಳ್ಳೆಯದು. ತುಂಬಿಟ್ಟ ನೀರಿನಿಂದ ಒಂದು ಲಾಭ ಮಾತ್ರ ಇದೆ: ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ತಾನೇ ಹಾರಿಹೋಗುತ್ತದೆ.

ಹಾಗಾದರೆ ಯಾವುದನ್ನು ತರುವುದು? ಮಹಾರಾಷ್ಟ್ರದ ಆರೋಗ್ಯ ಇಲಾಖೆಯೇ ಒಂದು ಉತ್ತರ ಕೊಟ್ಟಿದೆ. ಸೊಳ್ಳೆಯ ಮರಿ ತಿನ್ನಲೆಂದು ಇಲಾಖೆ ತೊಟ್ಟಿಗಳಲ್ಲಿ ಬೆಳೆಸಿ ಹಂಚುವ ಗಪ್ಪಿ 1908ರಲ್ಲಿ ಭಾರತಕ್ಕೆ ಬಂದ ಮೀನು. ಗಡಸು ನೀರು ಅದಕ್ಕೆ ಇಷ್ಟ. ಆದರೆ ಹೆಣ್ಣು ಗಪ್ಪಿ ಒಮ್ಮೆ ಕೂಡಿದ ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡು, ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತ ಹೋಗುತ್ತದೆ. ಬಾಲ ಚೆಂದ ಇರುವುದೂ ಗಂಡಿಗೇ. ಆರು ಗಂಡು ತಂದರೆ ಸಾಕು.

ನನ್ನನ್ನು ಕೇಳಿದರೆ ಮೊದಲ ಓಟು ಜೀಬ್ರಾ ಡ್ಯಾನಿಯೊಗೆ. ಇದು ನಮ್ಮ ದೇಶದ್ದೇ ಮೀನು. ಟಿಪ್ಪು ಸತ್ತ ಮೇಲೆ 1800–01ರಲ್ಲಿ ಮೈಸೂರು, ಕೆನರಾ ಸುತ್ತಿ ಬೆಳೆ, ಜಾತಿ, ಕಂದಾಯವನ್ನೆಲ್ಲ ಬರೆದಿಟ್ಟ ಬುಕನನ್ ನಮ್ಮ ಚರಿತ್ರೆ ಪುಸ್ತಕಗಳಲ್ಲಿ ಆಗಾಗ ಬರುತ್ತಾನಲ್ಲ, ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ಪುಸ್ತಕ ತಂದವನೂ ಅವನೇ. ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಟಿಕ್ಟೊ ಬಾರ್ಬ್ ಮೂರನ್ನೂ ವಿಜ್ಞಾನಕ್ಕೆ ಪರಿಚಯಿಸಿದ್ದು ಆ ಪುಸ್ತಕ. ಮೂರೂ ಚಳಿ, ಸೆಕೆ ಎರಡನ್ನೂ ತಾಳಿಕೊಳ್ಳುತ್ತವೆ. ಹೀಟರ್ ಇಲ್ಲದ ನಾಸಿಕದ ಮನೆಗೆ ಇದಕ್ಕಿಂತ ಏನು ಬೇಕು? ರೋಸಿ ಬಾರ್ಬ್ ಸ್ವಲ್ಪ ದೊಡ್ಡದಾಗುವುದರಿಂದ ಎರಡಡಿಗೆ ಅದನ್ನು ಬಿಟ್ಟು ಏಳೆಂಟು ಡ್ಯಾನಿಯೊ ಇಡಬಹುದು. ಗುಂಪಿನ ಮೀನುಗಳನ್ನು ಎರಡೆರಡೇ ತಂದರೆ ಹೆದರಿ ಮೂಲೆ ಸೇರುತ್ತವೆ. ಟಿಕ್ಟೊವನ್ನು ಉದ್ದ ರೆಕ್ಕೆಯ ಗಪ್ಪಿಯ ಜೊತೆ ಬಿಡಬೇಡಿ, ಬಾರ್ಬ್‌ಗಳಿಗೆ ಬಾಲ ಕಚ್ಚುವ ಚಟ.

ಗ್ಲಾಸ್ ಫಿಶ್ ಕೊಳ್ಳುವಾಗ ಎಚ್ಚರ. ಮೈ ಪಾರದರ್ಶಕವಾಗಿದ್ದು ಒಳಗಿನ ಮುಳ್ಳು ಎಣಿಸಲು ಬರುವ ಈ ದೇಶಿ ಮೀನಿಗೆ ಸೂಜಿಯಿಂದ ಬಣ್ಣ ಚುಚ್ಚಿ ಮಾರುವ ದಂಧೆ ಇದೆ. ಗುಲಾಬಿ, ಹಸಿರು ಗೆರೆ ಕಂಡರೆ ಮುಂದೆ ಹೋಗಿ. ಅದನ್ನೇ ಹೋಲುವ ಚಂದಾ ನಾಮಾ ಎಂಬುದು ಬೇರೆ ಮೀನುಗಳ ಹುರುಪೆ ಕಿತ್ತು ತಿನ್ನುವ ಜಾತಿ.

ಇನ್ನು ಗಾಜು ಸ್ವಚ್ಛ ಮಾಡುತ್ತದೆಂದು ಅಂಗಡಿಯವರು ಒಂದನ್ನು ಸೇರಿಸಿ ಕೊಡುವ ಸಕರ್. ಕೊಡುವಾಗ ಎರಡು ಇಂಚು. ಬೆಳೆದರೆ ಒಂದಡಿ ದಾಟುತ್ತದೆ. ತೊಟ್ಟಿಯಲ್ಲಿ ಹಿಡಿಸದೆ ಜನ ಅದನ್ನು ಕೆರೆಗೆ, ಹೊಳೆಗೆ ಬಿಟ್ಟಿದ್ದಾರೆ. ದಕ್ಷಿಣ ಅಮೆರಿಕದ ಈ ಮೀನು ಇಂದು ಭೀಮಾ ನದಿಯ ಉಜನಿ ಜಲಾಶಯದಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ, ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಬೇಡದ ಗಪ್ಪಿ ಮರಿಗಳನ್ನೂ ಗೋದಾವರಿಗೆ ಬಿಡಬೇಡಿ. ಪಕ್ಕದ ಮನೆಯ ಡ್ರಮ್ಮಿಗೆ ಕೊಡಿ. ಮೀನು ಕೊಳ್ಳುವ ಮುನ್ನ ಅಂಗಡಿಯವನಿಗೆ ಒಂದು ಚಿಟಿಕೆ ಆಹಾರ ಹಾಕಲು ಹೇಳಿ, ಮೇಲೆ ಬಂದು ಕಚ್ಚಿಕೊಂಡವನ್ನೇ ಹಿಡಿಸಿ; ರೆಕ್ಕೆ ಮುದುರಿ ಕೆಳಗೆ ಕೂತದ್ದನ್ನು ಅವನು ಅರ್ಧ ಬೆಲೆಗೆ ಕೊಟ್ಟರೂ ಬೇಡ.