ಮೊದಲು ಇಳಿದದ್ದು ಸಾವು

1871ರ ಖಾನೇಷುಮಾರಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.55 ಲಕ್ಷ. ಹತ್ತು ವರ್ಷ ಕಳೆದು ಮತ್ತೆ ಎಣಿಸಿದಾಗ ಉಳಿದಿದ್ದವರು 41.86 ಲಕ್ಷ. ಆ ನಡುವೆ ಈ ನೆಲದಲ್ಲಿ ಯುದ್ಧವೇನೂ ನಡೆದಿರಲಿಲ್ಲ. 1876ರಲ್ಲಿ ಕೈಕೊಟ್ಟ ಮಳೆ ಮುಂದಿನ ವರ್ಷವೂ ಸರಿಯಾಗಿ ಬರಲಿಲ್ಲ. ಹಿರಿಯರು ‘ಧಾತು ಬರ’ ಎಂದು ನೆನೆಯುತ್ತಿದ್ದ ಆ ಕಾಲದಲ್ಲಿ ಹಸಿವಿನಿಂದ ಸತ್ತವರು ಎಷ್ಟೋ ಮಂದಿ. ಬಸವಳಿದ ದೇಹಕ್ಕೆ ಅಂಟಿದ ಕಾಲರಾ, ಜ್ವರಗಳಿಂದ ಸತ್ತವರು ಮತ್ತೆಷ್ಟೋ ಮಂದಿ. ಬದುಕಿ ಉಳಿದ ಹೆಂಗಸರಿಗೆ ಬಸಿರು ನಿಲ್ಲುವಷ್ಟೂ ಕಸುವಿರಲಿಲ್ಲ. ಬರ ಮುಗಿದ ಮೇಲೂ ತೊಟ್ಟಿಲುಗಳು ಖಾಲಿಯಿದ್ದವು.

ಆ ಗಾಯ ಮಾಯುವ ಹೊತ್ತಿಗೆ, 1898ರಲ್ಲಿ, ಪ್ಲೇಗು ಬೆಂಗಳೂರಿಗೆ ಬಂತು. ಇಲಿ ಬಿದ್ದ ಸುದ್ದಿ ಕೇಳಿದೊಡನೆ ಊರಿಗೆ ಊರೇ ಮನೆ ಬಿಟ್ಟು ಹೊಲಗಳಲ್ಲಿ ಜೋಪಡಿ ಹಾಕಿಕೊಳ್ಳುತ್ತಿತ್ತು. ಪ್ಲೇಗಮ್ಮನಿಗೆ ಗುಡಿಗಳೆದ್ದದ್ದು ಆಗಲೇ. ಗಾಳಿ ಬೆಳಕಿನ ಹೊಸ ಬಡಾವಣೆಗಳಾಗಿ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದೂ ಆಗಲೇ. ಇಪ್ಪತ್ತು ವರ್ಷದ ಬಳಿಕ ಇನ್‌ಫ್ಲುಯೆಂಜಾ. ಅದು ಇಡೀ ಇಂಡಿಯಾದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೆಲವೇ ತಿಂಗಳಲ್ಲಿ ಕೊಂದಿತು. ಇಂದಿನ ಭಾರತದ ಎಲ್ಲೆಯೊಳಗಿನ ಲೆಕ್ಕ ಹಿಡಿದರೆ 1911ರಲ್ಲಿ 25.21 ಕೋಟಿ ಜನರಿದ್ದರು, 1921ರಲ್ಲಿ 25.13 ಕೋಟಿ. ಲೆಕ್ಕಕ್ಕೆ ಸಿಗುವ ಜನಗಣತಿಗಳಲ್ಲಿ ದೇಶದ ಜನಸಂಖ್ಯೆ ಕುಸಿದ ದಶಕ ಅದೊಂದೇ. ತಜ್ಞರು 1921ನ್ನು ‘ಮಹಾ ವಿಭಜಕ ವರ್ಷ’ ಎನ್ನುತ್ತಾರೆ. ಅಲ್ಲಿಂದಾಚೆಗೆ ಏರಿದ ಸಂಖ್ಯೆ ಇಳಿದಿಲ್ಲ: 1951ರಲ್ಲಿ 36 ಕೋಟಿ, 2011ರಲ್ಲಿ 121 ಕೋಟಿ.

ಈ ಏರಿಕೆಗೆ ಕಾರಣ ಕೇಳಿದರೆ ‘ಜನ ವಿಪರೀತ ಹೆತ್ತರು’ ಎಂಬ ಉತ್ತರ ಇಂದಿಗೂ ಬರುತ್ತದೆ. ಅದು ತಪ್ಪು, ಅನ್ಯಾಯದ ಮಾತು. ಹೆರುವುದು ಮೊದಲಿನಷ್ಟೇ ಇತ್ತು, ಸಾಯುವುದು ಕಡಿಮೆಯಾಯಿತು. ಎಂಟು ಹೆತ್ತು ನಾಲ್ಕನ್ನು ಮಣ್ಣಿಗಿಟ್ಟ ಅಜ್ಜಿಯರು ನಮ್ಮೆಲ್ಲರ ವಂಶದಲ್ಲೂ ಇದ್ದಾರೆ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷವಿತ್ತು, ಈಗ ಅದು 70ರ ಆಸುಪಾಸು. ಸಿಡುಬಿನ ಲಸಿಕೆ, ಡಿಡಿಟಿ, ಬರಗಾಲದಲ್ಲೂ ಊರು ತಲುಪುವ ರೇಷನ್, ಊರ ನಡುವಿನ ಕೊಳವೆಬಾವಿ, ಉಪಕೇಂದ್ರದ ನರ್ಸಮ್ಮ ಇವೆಲ್ಲ ಸೇರಿ ಉಳಿಸಿದ ಮಕ್ಕಳೇ ಆ ಕೋಟಿಗಳು. ಅದನ್ನು ‘ಸ್ಫೋಟ’ ಎಂದು ಕರೆಯಲು ನನಗೆ ಮನಸ್ಸು ಬಾರದು.

ಸಾವು ಇಳಿದ ಮೇಲೆ ಹೆರಿಗೆಯೂ ಇಳಿಯುತ್ತದೆ, ಆದರೆ ತಡವಾಗಿ. ಹುಟ್ಟಿದ ಮಗು ಬದುಕುತ್ತದೆ ಎಂಬ ಧೈರ್ಯ ಮನೆಯೊಳಗೆ ನೆಲೆಸಲು ಒಂದೆರಡು ತಲೆಮಾರು ಬೇಕು. ಸರ್ಕಾರಗಳಿಗೆ ಅಷ್ಟು ತಾಳ್ಮೆಯಿರಲಿಲ್ಲ. 1930ರಲ್ಲೇ ಮೈಸೂರು ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ ತೆರೆಯಲು ಆದೇಶಿಸಿತು. ಸರ್ಕಾರವೇ ಇಂಥ ಕೆಲಸಕ್ಕೆ ಇಳಿದದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. 1952ರಲ್ಲಿ ದೇಶದ ಕುಟುಂಬ ಯೋಜನೆ ಶುರುವಾದ ಕಾಲಕ್ಕೆ ರಾಮನಗರದ ಹೆಂಗಸರಿಗೆ ಬಣ್ಣಬಣ್ಣದ ಮಣಿಸರ ಕೊಟ್ಟು, ದಿನಕ್ಕೊಂದು ಮಣಿ ಸರಿಸಿ ‘ಸುರಕ್ಷಿತ’ ದಿನ ಎಣಿಸಲು ಕಲಿಸಿದರು. ಅದು ಫಲಿಸಲಿಲ್ಲ. ಆಮೇಲೆ ಗೋಡೆಗೋಡೆಯ ಮೇಲೆ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ. ಕೊನೆಗೆ ತುರ್ತುಪರಿಸ್ಥಿತಿಯ ಬಲವಂತ: 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ. ಜನರ ಸಿಟ್ಟು ಮತಪೆಟ್ಟಿಗೆಯಲ್ಲಿ ಕಂಡಿತು, ಯೋಜನೆಯ ಹೆಸರು ‘ಕುಟುಂಬ ಕಲ್ಯಾಣ’ ಎಂದಾಯಿತು.

ನಿಜವಾದ ಬದಲಾವಣೆ ಬೇರೆ ಕಡೆಯಿಂದ ಬರುತ್ತಿತ್ತು. 1980ರ ಸುಮಾರಿಗೆ ಆಸ್ಟ್ರೇಲಿಯದ ಜನಸಂಖ್ಯಾ ತಜ್ಞರಾದ ಜಾನ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿ ಬೆಂಗಳೂರಿನ ಪಿ.ಎಚ್. ರೆಡ್ಡಿಯವರ ಜೊತೆಗೂಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಉಳಿದು, ಮನೆಮನೆಯ ಮಾತು ಕೇಳಿದರು. ಅವರು ಕಂಡದ್ದು ಇದು: ಶಾಲೆಗೆ ಹೊರಟ ಮಗು ದನ ಕಾಯುವುದಿಲ್ಲ, ಕಳೆ ಕೀಳುವುದಿಲ್ಲ, ಬದಲಿಗೆ ಅಂಗಿ, ಪುಸ್ತಕ, ಫೀಸು ಕೇಳುತ್ತದೆ. ದುಡಿಯುವ ಕೈಯಾಗಿದ್ದ ಮಗು ಖರ್ಚಿನ ಬಾಬತ್ತಾಯಿತು. ಹುಡುಗಿಯರ ಮದುವೆ ನಾಲ್ಕಾರು ವರ್ಷ ಮುಂದಕ್ಕೆ ಹೋಯಿತು. ಅತ್ತೆಯ ಮಾತೇ ಕೊನೆಯೆಂದಿದ್ದ ಮನೆಯಲ್ಲಿ ಗಂಡ ಹೆಂಡತಿ ಕೂತು ‘ಇನ್ನು ಸಾಕು’ ಎಂದು ತೀರ್ಮಾನಿಸತೊಡಗಿದರು. ಹಾಗೆ ತೀರ್ಮಾನಿಸಿದ ಮೇಲೆ ಆಪರೇಷನ್‌ಗೆ ಹೋದವಳು ಮಾತ್ರ ಹೆಂಡತಿ. ಇಂದಿಗೂ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಪರೇಷನ್‌ ಆದವರು. ಗಂಡಸರದು ಇದಕ್ಕಿಂತ ಸುಲಭದ ಚಿಕಿತ್ಸೆಯಾದರೂ ಮಾಡಿಸಿಕೊಂಡವರನ್ನು ಹುಡುಕಬೇಕು. ಇಷ್ಟು ದೊಡ್ಡ ಬದಲಾವಣೆಯ ನೋವು ಒಂದೇ ಕಡೆಯವರ ಹೊಟ್ಟೆಗೆ ಬಿದ್ದದ್ದು ನನ್ನನ್ನು ಬಾಧಿಸುತ್ತದೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು 2.1 ಬೇಕು. ಆದರೂ ಒಟ್ಟು ಸಂಖ್ಯೆ ಒಮ್ಮೆಗೇ ಇಳಿಯುವುದಿಲ್ಲ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಈಗ ತಾಯಿತಂದೆಯರ ವಯಸ್ಸಿನಲ್ಲಿದೆ. ಒಂದೊಂದೇ ಹೆತ್ತರೂ ಹೆರುವವರು ಬಹಳ.

ಒಂದೇ ರಾಜ್ಯದೊಳಗೆ ಚಿತ್ರ ಎಷ್ಟು ಬೇರೆಯಾಗಿದೆ ನೋಡಿ. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಬೆಳೆಯಿತು. ಕೊಡಗು ಶೇ 1ರಷ್ಟೇ ಹೆಚ್ಚಿತು. ಚಿಕ್ಕಮಗಳೂರು ಜಿಲ್ಲೆಯಲ್ಲಿ 11.41 ಲಕ್ಷವಿದ್ದದ್ದು 11.38 ಲಕ್ಷಕ್ಕೆ ಇಳಿಯಿತು. ಒಂದು ಕಾಲಕ್ಕೆ ಮಲೇರಿಯಾ ಮಲೆನಾಡನ್ನು ಬರಿದು ಮಾಡುತ್ತಿತ್ತು. ಈಗ ಜ್ವರ ಹೋಗಿದೆ, ರಸ್ತೆ ಬಂದಿದೆ, ಆ ರಸ್ತೆ ಹಿಡಿದು ಓದಿದ ಮಕ್ಕಳು ಬೆಂಗಳೂರಿಗೆ ಹೊರಟಿದ್ದಾರೆ. ತೋಟ ನೋಡಿಕೊಳ್ಳಲು ಉಳಿದವರು ವಯಸ್ಸಾದವರು.

ಇದರ ಜೊತೆಗೆ ದೆಹಲಿಯ ಲೆಕ್ಕವೊಂದಿದೆ. ಜನಸಂಖ್ಯೆ ತಗ್ಗಿಸಿದ ರಾಜ್ಯಗಳಿಗೆ ನಷ್ಟವಾಗಬಾರದೆಂದು ಲೋಕಸಭೆಯಲ್ಲಿ ರಾಜ್ಯಗಳ ಪಾಲನ್ನು 1971ರ ಗಣತಿಗೆ ಕಟ್ಟಿಹಾಕಿದರು. 2026ರ ನಂತರದ ಮೊದಲ ಗಣತಿಯವರೆಗೆ ಆ ಕಟ್ಟು ಇರುತ್ತದೆ ಎಂದು ಆಮೇಲೆ ವಿಸ್ತರಿಸಿದರು. ದೇಶದ ಜನರಲ್ಲಿ ಕರ್ನಾಟಕದ ಪಾಲು 1971ರಲ್ಲಿ ಶೇ 5.3, 2011ರಲ್ಲಿ ಸುಮಾರು ಶೇ 5. ಕೇರಳ, ತಮಿಳುನಾಡುಗಳ ಪಾಲು ಇದಕ್ಕಿಂತ ಜೋರಾಗಿ ಕುಗ್ಗಿದೆ. ಒಬ್ಬ ಮಹಿಳೆಗೆ ಸರಾಸರಿ ಮೂರು ಮಕ್ಕಳಿರುವ ಬಿಹಾರದಲ್ಲೂ ಆ ಸಂಖ್ಯೆ ಇಳಿಯುತ್ತಲೇ ಇದೆ. ಅಲ್ಲಿ ಸಾವು ತಡವಾಗಿ ಇಳಿಯಿತು, ಶಾಲೆ ತಡವಾಗಿ ಮುಟ್ಟಿತು, ಹೀಗಾಗಿ ಅಲ್ಲಿನವರನ್ನು ದೂರುವುದೂ ಸರಿಯಲ್ಲ. ಆದರೆ 2027ರ ಜನಗಣತಿ ಮುಗಿದು ಸೀಟುಗಳ ಮರುಹಂಚಿಕೆಗೆ ಕೂರುವವರ ಮುಂದೆ ಬರೀ ತಲೆಯೆಣಿಕೆಯ ಪಟ್ಟಿಯಿದ್ದರೆ, ಎರಡು ಮಕ್ಕಳಾದ ಮೇಲೆ ತಾಲ್ಲೂಕು ಆಸ್ಪತ್ರೆಯ ಕ್ಯಾಂಪಿನಲ್ಲಿ ಸಾಲಿನಲ್ಲಿ ಕಾದು ಕೂತಿದ್ದ ಲಕ್ಷಾಂತರ ಹೆಂಗಸರಿಗೆ, ಅವರ ರಾಜ್ಯಗಳಿಗೆ, ಕೊಟ್ಟ ಮಾತನ್ನು ದೇಶ ಹಿಂದಕ್ಕೆ ಪಡೆದಂತಾಗುತ್ತದೆ.